ಪಿಯಾನೊ ಶ್ರುತಿಗಾರನ ಕಥೆಗೆ ನಾನು ದನಿ ಕೊಟ್ಟದ್ದು

ಕರೆಂಟು ಹೋಗಬಹುದಿತ್ತು. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಶಿಡ್ಲಘಟ್ಟದಲ್ಲಿ ಕರೆಂಟು ಇದ್ದೇ ಇರುತ್ತದೆ ಎಂದು ನಂಬುವವನು ಊರಿಗೆ ಹೊಸಬನೇ ಆಗಿರಬೇಕು. ಡಿವಿಡಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ನಾಯಕಿಯ ಮುಖ ಚೌಕ ಚೌಕವಾಗಿ ಒಡೆದುಹೋಗಬಹುದಿತ್ತು. ಪ್ರೊಜೆಕ್ಟರಿನ ಬಲ್ಬು ಢಬ್ ಎನ್ನಬಹುದಿತ್ತು. ಮೈಕು ಕೀರಲಬಹುದಿತ್ತು, ನನ್ನ ಗಂಟಲು ಕಟ್ಟಬಹುದಿತ್ತು, ಬಿ.ಪಿ. ಮಾತ್ರೆ ಮರೆತು ಬಂದು ನಾನೇ ಮೈಕಿನ ಮೇಲೆ ಬೀಳಬಹುದಿತ್ತು. ತೆರೆಯ ಮೇಲೆ ಇದ್ದಕ್ಕಿದ್ದಂತೆ ಮುತ್ತಿಡುವ ದೃಶ್ಯ ಬಂದು ಹೆಂಗಸರೆಲ್ಲ ಎದ್ದು ಹೋಗಬಹುದಿತ್ತು. ಐದು ಸಲ ನೋಡಿ ಅಂಥದ್ದೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದೆ ನಿಜ, ಆದರೆ ಆರನೆಯ ಸಲ ಬರುವುದಿಲ್ಲವೆಂದು ಯಾರು ಹೇಳಿಯಾರು? ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಬಂದ ಹೊಸ ಸಾಹೇಬರ ಕಿವಿಗೆ, ಸರ್ಕಾರಿ ಮೇಷ್ಟ್ರೊಬ್ಬ ರಾಜಕೀಯದ ಸಿನಿಮಾ ತೋರಿಸುತ್ತಾನೆಂಬ ಸುದ್ದಿ ಬಿದ್ದು ಮೆಮೊ ಬರಬಹುದಿತ್ತು. ನಮಗೆ ಹಾಲು ಕೊಟ್ಟ ರೇಷ್ಮೆ ಕೆಲಸಗಾರರ ಸಂಘದ ಹುಡುಗರು ತೆರೆಯನ್ನು ಹರಿದುಹಾಕಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಕೂರುವ ಸಂಘದ ಅಧ್ಯಕ್ಷರು ಅರ್ಧ ಸಿನಿಮಾಕ್ಕೆ ಎದ್ದು, ಏನೂ ಅನ್ನದೆ, ಕೋಲೂರಿಕೊಂಡು ಹೊರಗೆ ನಡೆದುಬಿಡಬಹುದಿತ್ತು.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಬರೆದಿಟ್ಟ ಅಪಾಯ ನಡೆಯುವುದಿಲ್ಲ ಎನ್ನುವುದು ನನ್ನ ಬಹಳ ದಿನದ ಮೂಢನಂಬಿಕೆ. ಅಂಗಿ ಒಗೆಯಲು ಹಾಕುವಾಗ ಹಾಳೆ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಪೂರ್ತಿ ಓದಿ, "ಭೂಕಂಪ ಬಿಟ್ಟಿದ್ದೀರಲ್ರೀ" ಎಂದಳು.

ಅದನ್ನೂ ಸೇರಿಸಿದೆ.

ನಮ್ಮದೊಂದು ಸಿನಿಮಾ ಬಳಗವಿತ್ತು. ಹೆಸರಿಡುವುದಕ್ಕೆಂದು ಮೂರು ಸಭೆ ಸೇರಿ, ಮೂರರಲ್ಲೂ ಕಾಫಿ ಕುಡಿದು ಎದ್ದಿದ್ದರಿಂದ ಅದಕ್ಕೆ ಹೆಸರಿರಲಿಲ್ಲ. ತಿಂಗಳಿಗೊಂದು ಭಾನುವಾರ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಗಾರರ ಸಂಘದ ಹಾಲಿನಲ್ಲಿ, ಹೊರದೇಶದ ಒಂದು ಸಿನಿಮಾ ತೋರಿಸುತ್ತಿದ್ದೆವು. ನಾನು ಆ ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು, ಮನೆ ಮಾತ್ರ ಚಿಂತಾಮಣಿ. ನೋಡಲು ಬರುತ್ತಿದ್ದವರು ನಾಲ್ಕು ಜನ ಮೇಷ್ಟ್ರುಗಳನ್ನು ಬಿಟ್ಟರೆ ಉಳಿದವರೆಲ್ಲ ಸಂಘದವರು. ಗೂಡು ಬೇಯಿಸಿದ ಬಿಸಿನೀರಿನಲ್ಲಿ ವಾರವಿಡೀ ಕೈಯಾಡಿಸಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದ ಹೆಂಗಸರು, ಚರಕದ ಸದ್ದಿಗೆ ಕಿವಿ ಮಂದವಾಗಿ ಯಾವಾಗಲೂ ಗಟ್ಟಿಯಾಗಿಯೇ ಮಾತಾಡುವ ಗಂಡಸರು.

ಮೊದಲನೆಯ ಸಿನಿಮಾದ ದಿನವೇ ಅರ್ಧ ಗಂಟೆ ಸುಮ್ಮನೆ ಕೂತು ನೋಡಿದ ಒಬ್ಬ ಹೆಂಗಸು ಹಿಂದಕ್ಕೆ ತಿರುಗಿ, "ಮೇಷ್ಟ್ರೇ, ಕೆಳಗಡೆ ಏನೋ ಇಂಗ್ಲೀಷಲ್ಲಿ ಬರೀತಾನೇ ಅವ್ನಲ್ಲ, ಅದನ್ನ ನೀವೇ ಒಸಿ ಓದಿ ಹೇಳ್ಬಾರ್ದಾ ಸಾಮೀ? ನಿಮ್ಗೇನ್ ಬಾಯ್ ನೋಯ್ತದಾ?" ಎಂದಿದ್ದಳು. ಆವತ್ತಿನಿಂದ ನಾನು ಎಲ್ಲ ದೇಶದವರ ಬಾಯಿಯಾದೆ.

ಅದು ಹೊರಗಿನಿಂದ ನೋಡಿದಷ್ಟು ಸುಲಭದ ಕೆಲಸವಲ್ಲ. ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ ಹಾಕಿ, ಒಂದೊಂದು ಮಾತಿಗೂ ನಿಲ್ಲಿಸಿ, ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದು ಬರೆಯುತ್ತಿದ್ದೆ. ಎಷ್ಟನೇ ನಿಮಿಷ, ಯಾರು, ಏನು. ಇಂಗ್ಲಿಷಿನಲ್ಲಿ ಎರಡೇ ಪದವಿರುವುದು ನಮ್ಮಲ್ಲಿ ಉದ್ದವಾಗಿಬಿಡುತ್ತದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ತೆರೆಯ ಮೇಲಿನವನು ಬಾಗಿಲು ಹಾಕಿಕೊಂಡು ಹೋಗಿಯೇ ಬಿಟ್ಟಿರುತ್ತಾನೆ. ಆದ್ದರಿಂದ ಕತ್ತರಿಸಬೇಕು. ಎಲ್ಲಿ ಸುಮ್ಮನಿರಬೇಕು ಎನ್ನುವುದಕ್ಕೆ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಹಾಕಿಕೊಳ್ಳುತ್ತಿದ್ದೆ. ಗಂಡಸಿಗೂ ಹೆಂಗಸಿಗೂ ಒಂದೇ ದನಿ. ಶುರುವಿನಲ್ಲಿ ಹೆಂಗಸರ ಮಾತಿಗೆ ಗಂಟಲು ಸಣ್ಣ ಮಾಡುತ್ತಿದ್ದೆ. "ಹಂಗೆ ಕೀರಲಬೇಡಿ ಸಾಮೀ, ಕೋಳಿ ಹಿಡ್ದಂಗಿರ್ತದೆ" ಎಂದು ಅದೇ ಹೆಂಗಸು ಬಿಡಿಸಿದಳು. ಹಾಲಿನ ಹಿಂದೆ ಒಂದು ಸ್ಟೂಲು, ಕೈಯಲ್ಲಿ ಮೈಕು, ತೊಡೆಯ ಮೇಲೆ ನೋಟ್‌ಬುಕ್ಕು, ಬೆಳಕು ತೆರೆಗೆ ಹೊಡೆಯದಂತೆ ಕೆಂಪು ಕಾಗದ ಸುತ್ತಿದ ಟಾರ್ಚು. ನನ್ನ ಉದ್ಯೋಗದಲ್ಲಿ ಯಾರಾದರೂ ನನ್ನ ಮಾತನ್ನು ಎರಡು ಗಂಟೆ ಸದ್ದಿಲ್ಲದೆ ಕೇಳಿದ್ದು ಅಲ್ಲಿ ಮಾತ್ರ.

ಆ ತಿಂಗಳ ಡಿವಿಡಿಯನ್ನು ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯ ಕೊಟ್ಟ. ಹೊರಡುತ್ತಿದ್ದ ಬಸ್ಸಿನ ಕಿಟಕಿಯಿಂದ ಕೈಚಾಚಿ, "ಒಳ್ಳೇ ಸಂಗೀತದ ಸಿನಿಮಾ ಕಣಯ್ಯಾ. ಪಿಯಾನೊಗೆ ಶ್ರುತಿ ಕೂಡ್ಸೋನೊಬ್ಬನ ಕಥೆ" ಎಂದ. ಅಷ್ಟೇ ಹೇಳಿದ. ನಾನು ಅಷ್ಟನ್ನೇ ಅಧ್ಯಕ್ಷರಿಗೆ ಒಪ್ಪಿಸಿದೆ.

"ಅಂದ್ರೆ ಕೆಲಸಗಾರನ ಕಥೆ ಅಂತಾಯ್ತು. ಒಳ್ಳೇದು" ಎಂದು ಅವರು ಸಂಘದ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಸಿದರು: ಪಿಯಾನೊ ಕೆಲಸಗಾರನ ಹೋರಾಟದ ಕಥೆ, ಎಲ್ಲರೂ ಬನ್ನಿ.

ಮನೆಗೆ ಬಂದು ಸಿನಿಮಾ ಹಾಕಿದೆ. ಹತ್ತನೆಯ ನಿಮಿಷಕ್ಕೆ ನಿಲ್ಲಿಸಿ, ಗೆಳೆಯ ಹೇಳಿದ್ದು ಇದೇ ಸಿನಿಮಾವೇ ಎಂದು ಡಬ್ಬಿ ತಿರುಗಿಸಿ ನೋಡಿದೆ.

ಕಥೆ ನಡೆಯುವುದು ಈಗ ಭೂಪಟದಲ್ಲಿ ಇಲ್ಲದ, ಕೆಂಪು ಬಾವುಟದ ಸರ್ಕಾರವಿದ್ದ ಒಂದು ದೇಶದಲ್ಲಿ. ಶ್ರುತಿಗಾರ ಮನೆಮನೆಗೆ ಹೋಗಿ ಸಂಗೀತಗಾರರ ಪಿಯಾನೊ ಸರಿಮಾಡಿ ಬರುವವನು. ಅವನ ಕಿವಿ ಬಹಳ ಸೂಕ್ಷ್ಮ. ಗುಪ್ತ ಪೊಲೀಸಿನವರು ಅವನನ್ನು ಕರೆಸಿ, ಯಾರ ಮನೆಯಲ್ಲಿ ಯಾರು ಏನು ಮಾತಾಡಿದರು, ಯಾವ ಹಾಡು ಕಟ್ಟಿದರು ಎಂದು ವಾರವಾರ ಬರೆದುಕೊಡಲು ಹೇಳುತ್ತಾರೆ. ಅವನು ಹೆದರಿಕೊಂಡು ಬರೆಯುತ್ತಾನೆ. ಹಾಡು ಕಟ್ಟುವ ಒಬ್ಬಾಕೆಯ ಪಿಯಾನೊದ ಹೊಟ್ಟೆಯೊಳಗೆ ಮೈಕು ಇಟ್ಟು ಬರುವುದೂ ಅವನೇ. ಆಕೆ ಜೈಲಿನಲ್ಲಿರುವ ಒಬ್ಬ ಕವಿಗಾಗಿ ಗುಟ್ಟಾಗಿ ಶೋಕಗೀತೆ ಕಟ್ಟುತ್ತಿದ್ದಾಳೆಂದು ತಿಳಿದ ದಿನದಿಂದ ಅವನ ವರದಿಗಳು ತಪ್ಪತೊಡಗುತ್ತವೆ. ಅಧಿಕಾರಿಗೆ ಅನುಮಾನ. ವಿಚಾರಣೆ.

ಐವತ್ತು ದಾಟಿದ, ಹೆದರಿಕೆಯನ್ನೇ ಕಸುಬು ಮಾಡಿಕೊಂಡ ನನಗೆ ಆ ಶ್ರುತಿಗಾರ ತುಂಬ ಪರಿಚಿತನಂತೆ ಕಂಡ. ಆದರೆ ನನ್ನ ಭಯ ಅವನದಲ್ಲ. ಅವನಿಗಿದ್ದ ಅಧಿಕಾರಿ ನನಗಿರಲಿಲ್ಲ. ನನಗಿದ್ದವರು ಅಧ್ಯಕ್ಷರು.

ಅವರಿಗೆ ಎಪ್ಪತ್ತು ದಾಟಿತ್ತು. ಹುಡುಗನಾಗಿದ್ದಾಗ ಚರಕ ತಿರುಗಿಸಿದವರು, ಸಂಘ ಕಟ್ಟಿದವರು, ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹೋಗಿಬಂದವರು. ಹಾಲಿನ ಗೋಡೆಯ ಮೇಲಿದ್ದ ದೊಡ್ಡ ಗಡ್ಡದ ಚಿಂತಕನ ಪಟವನ್ನು ಪ್ರತಿ ಮೇ ತಿಂಗಳ ಒಂದನೇ ತಾರೀಕು ತಾವೇ ಒರೆಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರದೋ ಮಗನನ್ನು ಫೇಲು ಮಾಡಿದೆನೆಂದು ನನ್ನನ್ನು ನಗರಗೆರೆಯ ಆಚೆಗೆ ಎತ್ತಿಹಾಕಿದಾಗ, ನನ್ನ ಗುರುತೂ ಸರಿಯಾಗಿಲ್ಲದ ಈ ಮನುಷ್ಯ ಎಂಬತ್ತು ಜನರನ್ನು ಕರೆದುಕೊಂಡು ಹೋಗಿ ಕಚೇರಿಯ ಮುಂದೆ ಕೂತು ಆ ವರ್ಗಾವಣೆ ರದ್ದು ಮಾಡಿಸಿದ್ದರು. ಈಗ ಹಾಲನ್ನು ಒಂದು ಪೈಸೆ ಬಾಡಿಗೆ ಇಲ್ಲದೆ ಕೊಟ್ಟಿದ್ದರು. ಅವರನ್ನು ಅವರದೇ ಹಾಲಿನಲ್ಲಿ, ಅವರದೇ ಕುರ್ಚಿಯಲ್ಲಿ ಕೂರಿಸಿ, ಅವರು ಆಯುಷ್ಯವೆಲ್ಲ ನಂಬಿದ ಬಾವುಟದ ಕೆಳಗೆ ಇಂಥದ್ದು ನಡೆದಿತ್ತು ಎಂದು ನನ್ನ ಬಾಯಿಂದ ಹೇಳಬೇಕಾಗಿತ್ತು. ಹಾಲು ಹೋದರೆ ಬಳಗ ಹೋಯಿತು, ಅದು ಒಂದು ಲೆಕ್ಕ. ಅವರ ಮುಖ ಸಣ್ಣಗಾಗುವುದನ್ನು ನೋಡುವುದು ಬೇರೆಯದೇ ಲೆಕ್ಕ.

ಸಿನಿಮಾವನ್ನೇ ಬದಲಿಸೋಣವೆಂದು ಗುರುವಾರ ರಜೆ ಹಾಕಿ ಗೌರಿಬಿದನೂರಿಗೆ ಹೋದೆ. ಗೆಳೆಯ ನಕ್ಕ. "ಅಲ್ಲ ಕಣಯ್ಯಾ, ಸಂಗೀತ ಚೆನ್ನಾಗಿದೆ ಅಂದ್ನೇ ಹೊರ್ತು ಸರ್ಕಾರ ಚೆನ್ನಾಗಿದೆ ಅಂದ್ನಾ?" ಎಂದು ಇನ್ನೊಂದು ಡಿವಿಡಿ ಕೊಟ್ಟ. ಮನೆಗೆ ತಂದು ಹಾಕಿದರೆ ಹನ್ನೊಂದನೆಯ ನಿಮಿಷಕ್ಕೆ ಒಂದು ಕುದುರೆ ಓಡುತ್ತಾ ಓಡುತ್ತಾ ಗಾಳಿಯಲ್ಲೇ ನಿಂತುಬಿಟ್ಟಿತು. ಒರೆಸಿದೆ, ಊದಿದೆ, ಬಾಳೆಹಣ್ಣಿನ ಸಿಪ್ಪೆ ಉಜ್ಜಿದರೆ ಗೀರು ಹೋಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಅದನ್ನೂ ಉಜ್ಜಿದೆ. ಆಮೇಲೆ ಕುದುರೆಯೂ ಬರಲಿಲ್ಲ.

ಆಗ ನನಗೆ ಇನ್ನೊಂದು ದಾರಿ ಹೊಳೆಯಿತು. ಆ ಹಾಲಿನಲ್ಲಿ ಸಿನಿಮಾದವರು ಏನು ಮಾತಾಡುತ್ತಾರೆಂದು ಗೊತ್ತಿರುವವನು ನಾನೊಬ್ಬನೇ. ಉಳಿದ ಮೇಷ್ಟ್ರುಗಳು ಗಣಿತ, ಕನ್ನಡ, ಡ್ರಿಲ್ಲು, ಡ್ರಾಯಿಂಗು. ಅವರು ಕೆಳಗೆ ಓಡುವ ಅಕ್ಷರ ಹಿಡಿಯುವಷ್ಟರಲ್ಲಿ ನಾನು ಮುಂದಕ್ಕೆ ಹೋಗಿರುತ್ತೇನೆ. ನಾನು ಏನು ಹೇಳಿದರೆ ಅದೇ ಕಥೆ.

ಇನ್ನೊಂದು ನೋಟ್‌ಬುಕ್ಕು ತಂದೆ. ಅದರಲ್ಲಿ ಪಕ್ಷ ಎಂದಿದ್ದ ಕಡೆಯೆಲ್ಲ ಕಂಪನಿ ಎಂದು ಬರೆದೆ. ಪಕ್ಷದ ಕಾರ್ಯದರ್ಶಿ ಮ್ಯಾನೇಜರಾದ. ಸಂಗಾತಿ ಎನ್ನುವುದೆಲ್ಲ ಸಾಹೇಬರೇ ಆಯಿತು. ಗುಪ್ತ ಪೊಲೀಸು ಮಾಲೀಕರ ಕಡೆಯ ಬೇಹುಗಾರರಾದರು. ಜೈಲಿನಲ್ಲಿದ್ದ ಕವಿ ಸಂಬಳ ಹೆಚ್ಚಿಸಿ ಎಂದು ಕೇಳಿ ಒಳಗೆ ಹೋದ ಕವಿಯಾದ. ಭಯದ ವಿಷಯವೇನೆಂದರೆ, ಅದು ಬಹಳ ಚೆನ್ನಾಗಿಯೇ ಹೊಂದಿಕೊಂಡಿತು. ಎರಡು ಸಂಜೆಯಲ್ಲಿ ಮುಗಿಸಿದೆ. ನಿಜದ ಪುಸ್ತಕ ಬರೆಯಲು ಒಂಬತ್ತು ಸಂಜೆ ಬೇಕಾಗಿದ್ದವು.

"ಒಂದೇ ಸಿನಿಮಾಗೆ ಎರಡು ಪುಸ್ತಕ ಯಾಕ್ರೀ?" ಎಂದಳು ಹೆಂಡತಿ.

ಹೇಳಿದೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಅಂದ್ರೆ, ಆ ಸಿನಿಮಾದಲ್ಲಿ ಆಫೀಸರು ಸಂಬಳ ತಗೊಂಡು ಮಾಡೋ ಕೆಲಸಾನ ನೀವು ಮನೇಲಿ ಪುಕ್ಕಟೆ ಮಾಡ್ತಿದ್ದೀರ ಅನ್ನಿ."

"ನಿಂಗೇನೇ ಗೊತ್ತು? ಅವರು ಎದ್ದು ಹೋದ್ರೆ?"

"ಎದ್ದು ಹೋದ್ರೆ ಹೋಗ್ತಾರಪ್ಪ. ಕಾಲಿದಾವೆ. ಮೊದಲು ಹೋಗಿ ಹೇಳ್ಬಿಡಿ ಅವ್ರಿಗೆ."

ಶನಿವಾರ ಶಾಲೆ ಬಿಟ್ಟ ಮೇಲೆ ಹೇಳಿಯೇಬಿಡಬೇಕೆಂದು ಹಾಲಿಗೆ ಹೋದೆ. ಅಧ್ಯಕ್ಷರು ಕಿಟಕಿಗಳಿಗೆ ಕತ್ತಲು ಕಟ್ಟಿಸುತ್ತಿದ್ದರು. ಪರದೆ ಕೊಳ್ಳುವ ಗತಿ ನಮಗಿರಲಿಲ್ಲ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಂಕಿಗಳನ್ನು ಕಿಟಕಿಗೆ ನಿಲ್ಲಿಸಿ, ಅದರ ಮೇಲೆ ಕಂಬಳಿ ಹೊದಿಸುವುದು ಅವರೇ ಕಂಡುಹಿಡಿದ ಉಪಾಯ. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯೆತ್ತಿ ಹುರಿ ಬಿಗಿಯುತ್ತಿದ್ದರು.

ಸಂಘದ ಕಾರ್ಯದರ್ಶಿ ಅಲ್ಲೇ ಇದ್ದ. ಮೂವತ್ತರ ಆಸುಪಾಸಿನವನು, ಯಾವುದನ್ನೂ ಸುಮ್ಮನೆ ನಂಬದವನು. "ಯಾರ್ ತೆಗ್ದಿದ್ದು ಮೇಷ್ಟ್ರೇ ಈ ಸಿನಿಮಾನ? ಅಮೆರಿಕದೋರಾ?"

"ಅಲ್ಲಪ್ಪ. ಆ ದೇಶದೋರೇ."

"ಯಾವ ದೇಶ?"

"ಈಗಿಲ್ಲಪ್ಪ ಅದು" ಎಂದೆ. ಅಧ್ಯಕ್ಷರ ಕಡೆಗೆ ತಿರುಗಿ, "ಅಧ್ಯಕ್ಷರೇ, ಸ್ವಲ್ಪ ಬೇಜಾರಿನ ಕಥೆ..." ಎಂದು ಶುರುಮಾಡಿದೆ.

"ನಮ್ದೇನ್ ಕಮ್ಮಿ ಬೇಜಾರಾ ಮೇಷ್ಟ್ರೇ? ತೋರ್ಸಿ, ಒಂದ್ ಸಲ ಅತ್ರೆ ಅತ್ಕೊಂತೀವಿ. ಆ ತುದಿ ಹಿಡ್ಕೊಳಿ ಇತ್ಲಾಗೆ."

ಕಂಬಳಿಯ ತುದಿ ಹಿಡಿದುಕೊಂಡೆ. ಆರು ಕಿಟಕಿ ಮುಗಿಯುವವರೆಗೂ ಹಿಡಿದುಕೊಂಡೇ ಇದ್ದೆ. ಹೇಳಲಿಲ್ಲ.

ಭಾನುವಾರ ಹೊರಡುವಾಗ ನಿಜದ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಎರಡೂ ಜೊತೆಯಲ್ಲಿದ್ದರೆ ಕೈ ಯಾವುದನ್ನು ತೆರೆದೀತೋ ಎಂಬ ಭಯ. ಕಂಪನಿಯ ಪುಸ್ತಕವೊಂದನ್ನೇ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಹಲಗೆಯ ಮೇಲೆ ಹೋರಾಟ ಎಂದು ಬರೆದಿದ್ದಕ್ಕೋ ಏನೋ, ಯಾವತ್ತೂ ನಲವತ್ತು ಜನ ಬರುವಲ್ಲಿ ಅರವತ್ತು ಮೀರಿ ಬಂದಿದ್ದರು. ಚಾಪೆ ಸಾಲದೆ ಗೋಣಿಚೀಲ ಹಾಸಿದರು. ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಬ್ಬಿಣದ ಕುರ್ಚಿಯಲ್ಲಿ ಕೂತರು. ಕಾರ್ಯದರ್ಶಿ ನನಗೆ ನಾಲ್ಕು ಮಾರು ದೂರದಲ್ಲಿ, ಸ್ವಿಚ್ ಬೋರ್ಡಿಗೆ ಒರಗಿ ನಿಂತ. ದೀಪ ಆರಿಸಿದರು. ಟಾರ್ಚು ಹಚ್ಚಿ ಮೊದಲ ಪುಟ ತೆರೆದೆ.

ಮೊದಲ ಇಪ್ಪತ್ತು ನಿಮಿಷ ಎಣ್ಣೆ ಹಾಕಿದಂತೆ ಸಾಗಿತು. ಕಂಪನಿಯ ಬೇಹುಗಾರರು ಶ್ರುತಿಗಾರನನ್ನು ಬೀದಿಯಲ್ಲಿ ತಡೆದರು. ಕಾರಿನಲ್ಲಿ ಕೂರಿಸಿಕೊಂಡು ಹೋದರು. "ಥೂ, ಇವ್ರ ಮನೆ ಕಾಯ್ಹೋಗ" ಎಂದಿತು ಒಂದು ಹೆಣ್ಣು ದನಿ. ಎಲ್ಲರಿಗೂ ಮಾಲೀಕರೆಂದರೆ ಏನೆಂದು ಗೊತ್ತು. ನಾನು ಓದುವುದೇ ತಡ, ಅವರು ನಂಬಿಬಿಡುತ್ತಿದ್ದರು. ನನ್ನ ಎದೆ ಸ್ವಲ್ಪ ಹಗುರಾಗತೊಡಗಿತ್ತು.

ಇಪ್ಪತ್ಮೂರನೆಯ ನಿಮಿಷಕ್ಕೆ ಶ್ರುತಿಗಾರನನ್ನು ಅಧಿಕಾರಿಯ ಕೋಣೆಗೆ ಕರೆದುಕೊಂಡು ಬಂದರು. ಉದ್ದದ ಮೇಜು, ಎರಡು ಟೆಲಿಫೋನು. ಕ್ಯಾಮೆರಾ ನಿಧಾನಕ್ಕೆ ಮೇಲೇರಿತು. ಮೇಜಿನ ಹಿಂದಿನ ಗೋಡೆಯ ಮೇಲೆ, ಚೌಕಟ್ಟಿನೊಳಗೆ, ದೊಡ್ಡ ಗಡ್ಡದ ಚಿಂತಕ.

ಅದೇ ಪಟ. ಐದು ಸಲ ಸಿನಿಮಾ ನೋಡಿದ್ದೆ, ಐದು ಸಲವೂ ಕೆಳಗಿನ ಅಕ್ಷರವನ್ನೇ ನೋಡಿದ್ದೆ. ನಾನು ಕಿವಿಗೆ ಸುಳ್ಳು ಹೇಳಲು ಹೊರಟಿದ್ದೆ, ಬಂದವರಿಗೆಲ್ಲ ಕಣ್ಣೂ ಇದ್ದವು.

"ಅಯ್ಯೋ! ನಮ್ ಗಡ್ಡದ ತಾತಪ್ಪ!" ಎಂದಳು ಕೋಳಿ ಹಿಡಿದಂತಿರುತ್ತದೆ ಎಂದಿದ್ದ ಹೆಂಗಸು. ಗುರುತಿನವರನ್ನು ಪರಸ್ಥಳದ ಬಸ್‌ಸ್ಟ್ಯಾಂಡಿನಲ್ಲಿ ಕಂಡಷ್ಟು ಸಂತೋಷವಿತ್ತು ಆ ದನಿಯಲ್ಲಿ. ಕೆಲವರು ನಕ್ಕರು. ಅರವತ್ತು ತಲೆಗಳು ಪಕ್ಕದ ಗೋಡೆಯ ಕಡೆ ತಿರುಗಿ, ಮತ್ತೆ ತೆರೆಯ ಕಡೆ ತಿರುಗಿದವು. ನಗು ತಾನಾಗಿಯೇ ನಿಂತಿತು.

"ಮಾಲೀಕನ ಆಫೀಸಲ್ಲಿ ತಾತಂಗೇನ್ ಕೆಲ್ಸ?" ಎಂದ ಯಾರೋ.

ನಾನು ಓದುವುದು ನಿಂತಿತ್ತು. ತೆರೆಯ ಮೇಲೆ ಅಧಿಕಾರಿ ಮಾತಾಡುತ್ತಲೇ ಇದ್ದ. ಮುಂದಿನ ಸಾಲಿನಿಂದ, ಹಿಂದಕ್ಕೆ ತಿರುಗದೆ, ಅಧ್ಯಕ್ಷರು ಕೇಳಿದರು.

"ಮೇಷ್ಟ್ರೇ, ಯಾವ ಕಂಪನಿ ಅದು?"

ಜೋರಾಗಿಯೂ ಕೇಳಲಿಲ್ಲ. ಎದೆಯೊಳಗಿನ ಸದ್ದು ಮೈಕಿಗೆ ಕೇಳಿಸೀತೆಂದು ಮೈಕನ್ನು ದೂರ ಹಿಡಿದೆ. ಆಗ ಹೇಳಬಹುದಾಗಿದ್ದ ಇನ್ನೊಂದು ಸುಳ್ಳು ಕೂಡ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮಾಲೀಕ ಮೋಸಗಾರ, ಜನರನ್ನು ನಂಬಿಸಲು ಪಟ ತೂಗುಹಾಕಿದ್ದಾನೆ. ಅದೂ ಬಹಳ ಚೆನ್ನಾಗಿ ಹೊಂದಿಕೊಳ್ಳುತ್ತಿತ್ತು. ಅದು ಎಷ್ಟು ಸಲೀಸಾಗಿ ಬಂತೆಂದು ನೋಡಿ ನನಗೆ ಅಧ್ಯಕ್ಷರ ಭಯಕ್ಕಿಂತ ನನ್ನದೇ ಭಯ ಹೆಚ್ಚಾಯಿತು.

ಡಿವಿಡಿಯನ್ನು ಅಲ್ಲೇ ನಿಲ್ಲಿಸಿದೆ. ಅಧಿಕಾರಿ ಬಾಯಿ ತೆರೆದುಕೊಂಡು ತೆರೆಯ ಮೇಲೆ ನಿಂತ.

"ಕಂಪನಿ ಅಲ್ಲ ಅಧ್ಯಕ್ಷರೇ" ಎಂದೆ ಮೈಕಿನಲ್ಲಿ. "ಪಕ್ಷ. ಕೆಂಪು ಬಾವುಟದ ಸರ್ಕಾರ. ಇವರು ಆ ಸರ್ಕಾರದ ಗುಪ್ತ ಪೊಲೀಸು. ಹಾಡುವೋರು, ಬರೆಯೋರ ಹಿಂದೆ ಬಿದ್ದಿದ್ದಾರೆ. ಇಷ್ಟು ಹೊತ್ತು ನಾನು ತಪ್ಪು ಹೇಳಿದೆ. ಬೇಕು ಅಂತಲೇ ಹೇಳಿದೆ."

"ನಿಲ್ಸಿ ಇದನ್ನ!" ಎಂದು ಕಾರ್ಯದರ್ಶಿ ಸ್ವಿಚ್ಚಿಗೆ ಕೈಹಾಕಿದ. ದೀಪ ಹತ್ತಿತು. ಕಣ್ಣು ಕುಕ್ಕುವ ಬೆಳಕಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ನಮ್ ಹಾಲಲ್ಲೇ ಕೂತು ನಮ್ಗೇ ಬೈಯಾದಾ? ಯಾರ್ ಕಳ್ಸಿದ್ದು ನಿಮ್ನ ಮೇಷ್ಟ್ರೇ?"

ಯಾರೂ ಕಳಿಸಿರಲಿಲ್ಲ.

ಅಧ್ಯಕ್ಷರು ಆಗಲೂ ತಿರುಗಲಿಲ್ಲ. ತೆರೆಯನ್ನೇ ನೋಡುತ್ತ ಕೂತಿದ್ದರು. ದೀಪದ ಬೆಳಕಿಗೆ ಅಲ್ಲಿ ಮಸುಕಾದ ಎರಡು ಟೆಲಿಫೋನು ಮತ್ತು ಒಂದು ಗಡ್ಡ ಮಾತ್ರ ಕಾಣುತ್ತಿತ್ತು. ಅವರು ಕೋಲನ್ನು ಎತ್ತಿಕೊಂಡರು. ಹೋದರು, ಹೋಗಿಯೇಬಿಟ್ಟರು ಎಂದುಕೊಂಡೆ. ಕೋಲನ್ನು ಎಡಗಡೆಯಿಂದ ಬಲಗಡೆಗೆ ಇಟ್ಟುಕೊಂಡರು.

"ದೀಪ ಆರ್ಸಯ್ಯ" ಎಂದರು.

"ಅಧ್ಯಕ್ಷರೇ..."

"ಆರ್ಸು ಅಂದೆ. ನೋಡಣ. ಮೇಷ್ಟ್ರೇ, ಮೊದಲಿಂದ ಹಾಕಿ. ಈ ಸಲ ಅಲ್ಲೇನಿದೆಯೋ ಅದನ್ನೇ ಹೇಳಿ."

ಮೊದಲಿಂದ ಹಾಕಿದೆ. ಹೇಳುವುದಕ್ಕೆ ಪುಸ್ತಕವಿರಲಿಲ್ಲ. ಅದು ಚಿಂತಾಮಣಿಯಲ್ಲಿ ಬೀರುವಿನೊಳಗೆ ಇತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಟಾರ್ಚು ಆರಿಸಿ, ಕಂಪನಿಯ ಪುಸ್ತಕವನ್ನು ಮುಚ್ಚಿ ಅದರ ಮೇಲೆಯೇ ಕೂತೆ. ತೆರೆಯ ಕೆಳಗೆ ಓಡುವ ಇಂಗ್ಲಿಷನ್ನು ಹಿಡಿದು, ಅಲ್ಲೇ ತಿರುಗಿಸಿ, ಅಲ್ಲೇ ಬಿಡಬೇಕು. ಕುದಿಯುವ ನೀರಿನಿಂದ ಎಳೆ ಹಿಡಿಯುವ ಕೆಲಸವನ್ನು ಅಲ್ಲಿದ್ದ ಹೆಂಗಸರು ದಿನವೂ ಮಾಡುತ್ತಿದ್ದರು. ನನಗೆ ಅದು ಮೊದಲು. ತುಂಡಾದರೆ ಹಿಂದಕ್ಕೆ ಹೋಗಿ ಹುಡುಕಲು ಸಮಯವಿಲ್ಲ, ಮುಂದಿನದನ್ನು ಹಿಡಿಯಬೇಕು. ಕತ್ತರಿಸುವುದು, ತಿದ್ದುವುದು, ಕೆಂಪು ಸೊನ್ನೆ, ಯಾವುದೂ ಇಲ್ಲ. ಪಕ್ಷ ಎಂದರೆ ಪಕ್ಷ ಎಂದೆ. ಸಂಗಾತಿ ಎಂದರೆ ಸಂಗಾತಿ ಎಂದೆ. ಆ ಮಾತು ಬಂದಾಗಲೆಲ್ಲ ಕಾರ್ಯದರ್ಶಿ ಕಾಲು ಬದಲಿಸುವ ಸದ್ದು ಕೇಳುತ್ತಿತ್ತು. ಅಧ್ಯಕ್ಷರ ತಲೆಯ ಹಿಂಭಾಗ ಅಲ್ಲಾಡಲಿಲ್ಲ.

ವಿಚಾರಣೆ ಬಂತು. ಕಿಟಕಿಯಿಲ್ಲದ ಕೋಣೆ. ಅಧಿಕಾರಿ ಬೈಯುವುದಿಲ್ಲ, ಹೊಡೆಯುವುದಿಲ್ಲ. ಶ್ರುತಿಗಾರನ ಹಳೆಯ ವರದಿಗಳನ್ನು ಒಂದೊಂದಾಗಿ ಅವನಿಗೇ ಓದಿ ಹೇಳುತ್ತಾನೆ. ಯಾರು ಎಷ್ಟು ಚಮಚ ಸಕ್ಕರೆ ಹಾಕಿಕೊಂಡರು, ಯಾರು ಯಾವ ಕವಿಯ ಹೆಸರೆತ್ತಿದರು. "ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ ನಿನ್ನ ಕಿವಿಗೆ ಈಗೇನಾಯಿತು?" ಎನ್ನುತ್ತಾನೆ. ಇಬ್ಬರ ಮಾತೂ ನನ್ನ ಬಾಯಲ್ಲೇ. ಕೇಳುವವನೂ ನಾನೇ, ನಡುಗುವವನೂ ನಾನೇ. ಅಲ್ಲಿಂದ ಮುಂದಕ್ಕೆ ನಾನು ಏನು ಹೇಳಿದೆ, ಹೇಗೆ ಹೇಳಿದೆ ಎಂಬುದು ನನಗೆ ನೆನಪಿಲ್ಲ. ಮಾತು ತಾನಾಗಿಯೇ ಬರುತ್ತಿತ್ತು, ಪುಸ್ತಕವಿದ್ದಾಗ ಯಾವತ್ತೂ ಬಂದಿರದಷ್ಟು ಸಲೀಸಾಗಿ.

ಶ್ರುತಿಗಾರ ಆಕೆಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ, ಗೋಡೆಗೆಲ್ಲ ಕಿವಿ. ಕೊನೆಯ ಸಲ ಬಂದಾಗ ಪಿಯಾನೊ ಪೂರ್ತಿ ಶ್ರುತಿ ಮಾಡಿ, ಒಂದೇ ಒಂದು ತಂತಿಯನ್ನು ಬೇಕೆಂದೇ ಸಡಿಲ ಬಿಟ್ಟು ಹೋಗುತ್ತಾನೆ. ಆ ಮನುಷ್ಯ ತಪ್ಪು ಮಾಡುವವನಲ್ಲವೆಂದು ಆಕೆಗೆ ಗೊತ್ತು. ಮುಚ್ಚಳ ತೆಗೆದು ನೋಡುತ್ತಾಳೆ. ತಂತಿಯ ಪಕ್ಕದಲ್ಲಿ ಮೈಕು. ಆಕೆ ಅದನ್ನು ಕೀಳುವುದಿಲ್ಲ. ಮುಚ್ಚಳ ಮುಚ್ಚಿ, ಕೂತು, ಕೇಳುತ್ತಿರುವವರಿಗೆಲ್ಲ ಕೇಳಲೆಂದು ಆ ಶೋಕಗೀತೆಯನ್ನು ಪೂರ್ತಿ ನುಡಿಸುತ್ತಾಳೆ, ಆ ಒಂದು ಸ್ವರವನ್ನು ಮಾತ್ರ ಮುಟ್ಟದೆ. ಅಷ್ಟು ಹೊತ್ತೂ ಮಾತಿಲ್ಲ. ನಾನೂ ಸುಮ್ಮನಿದ್ದೆ. ಹೊರಗೆ ಎಲ್ಲೋ ಗೂಡಿನ ಚೀಲ ಹೊತ್ತ ಲಾರಿ ಹಾರ್ನ್ ಹೊಡೆದುಕೊಂಡು ಹೋಯಿತು.

ದೀಪ ಹತ್ತಿತು. ಅಧ್ಯಕ್ಷರು ಎದ್ದು, ಕೋಲೂರಿಕೊಂಡು, ಬಾಗಿಲ ಕಡೆಗಲ್ಲ, ನನ್ನ ಕಡೆ ಬಂದರು. ನಾನೂ ಎದ್ದು ನಿಂತೆ.

"ನನ್ ಹಿಂದೇನೂ ಒಬ್ಬ ಪೇದೆ ಬಿಟ್ಟಿದ್ರು ಮೇಷ್ಟ್ರೇ, ಜೈಲಿಗ್ ಹಾಕಾಕ್ ಮುಂಚೆ" ಎಂದರು. "ಪಾಪ, ಬರೀಯಾಕ್ ಸರಿಯಾಗ್ ಬರ್ತಿರ್ಲಿಲ್ಲ ಅವಂಗೆ. ಸಾಯಂಕಾಲ ಬಂದು, ಯಜಮಾನ್ರೇ, ಇವತ್ತೇನ್ ಬರೀಲಿ ಅಂತಿದ್ದ. ನಾನೇ ಹೇಳಿ ಬರೆಸ್ತಿದ್ದೆ. ನಂಗೇನ್ ಅವನ ಭಯ ಇರ್ಲಿಲ್ಲ." ಗೋಡೆಯ ಮೇಲಿನ ಪಟದ ಕಡೆ ನೋಡಿದರು. "ನಮ್ಮೋರೂ ಹಿಂಗ್ ಮಾಡಿದ್ರು ಅಂತ ಕೇಳಿದ್ದೆ. ವೈರಿಗಳು ಹೇಳೋ ಮಾತು ಅಂತ ಬಿಟ್ಟಿದ್ದೆ. ಅದಿರ್ಲಿ, ನಾನು ನೋಡ್ಕೊಂತೀನಿ. ನೀವು ನಂಗೆ ಹೆದರ್ಕೊಂಡ್ರಲ್ಲ ಮೇಷ್ಟ್ರೇ? ನಾನು ಅಂಥೋನ್ ತರ ಕಾಣ್ತೀನಾ ನಿಮ್ಗೆ?"

ಮೆಮೊ ಬಂದಿದ್ದರೆ ಉತ್ತರ ಬರೆಯಬಹುದಿತ್ತು. "ತಪ್ಪಾಯ್ತು" ಎಂದೆ.

ಅವರು ಜೇಬಿನಿಂದ ಹಾಲಿನ ಬೀಗದ ಕೈ ತೆಗೆದು, ಪ್ರತಿ ತಿಂಗಳೂ ಕೊಡುವಂತೆ ನನ್ನ ಕೈಗಿಟ್ಟರು. "ಬೀಗ ಹಾಕ್ಕೊಂಡ್ ಬನ್ನಿ. ಇನ್ಮೇಲೆ ಹಲಗೆ ಮೇಲೆ ಬರೆಸೋಕ್ ಮುಂಚೆ ಕಥೆ ಏನಂತ ನೆಟ್ಟಗ್ ಹೇಳಿ." ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದ. "ನಾಳೆ ಮಾತಾಡಣ, ಬಾರಯ್ಯ" ಎಂದು ಅವನ ಹೆಗಲ ಮೇಲೆ ಕೈಹಾಕಿ ನಡೆದರು.

ಕರೆಂಟು ಹೋಗಿರಲಿಲ್ಲ. ಬಲ್ಬು ಸಿಡಿದಿರಲಿಲ್ಲ. ಭೂಮಿ ನಡುಗಿರಲಿಲ್ಲ. ನಾನು ಬೀಗ ಹಾಕಿ ಮೆಟ್ಟಿಲಿಳಿಯುವಾಗ ಆ ನೂಲು ಬಿಚ್ಚುವ ಹೆಂಗಸು ಒಂದು ಹುಡುಗಿಯ ಕೈ ಹಿಡಿದುಕೊಂಡು ಅಡ್ಡ ನಿಂತಿದ್ದಳು.

"ನಮ್ ಸೊಸೆ ಸಾಮೀ. ಹಾಸನದ ಕಡೆಯೋಳು, ಮದ್ವೆಯಾಗಿ ಇನ್ನೂ ಮೂರು ತಿಂಗ್ಳು. ಏನೋ ಕೇಳ್ಬೇಕಂತೆ ನಿಮ್ನ. ಕೇಳಮ್ಮ."

ಹುಡುಗಿ ಸೆರಗಿನ ತುದಿ ಸುತ್ತುತ್ತಾ, "ಸಾರ್, ಆಯಮ್ಮ ಕೊನೇಲಿ ಆ ಪಿಯಾನೊದ ಒಂದು ಮಣೆ ಮಾತ್ರ ಯಾಕ್ ಸಾರ್ ಮುಟ್ಟಲ್ಲ? ಆ ರಿಪೇರಿಯವರನ್ನ ಬಿಟ್ರಾ, ಹಿಡ್ಕೊಂಡ್ರಾ?" ಎಂದಳು.

"ಅದನ್ನೆಲ್ಲ ಹೇಳಿದೆನಲ್ಲಮ್ಮ. ಕೇಳಿಸಲಿಲ್ವಾ?"

"ಕೇಳಿಸ್ತು ಸಾರ್. ಆ ಕಿಟಕಿ ಇಲ್ದಿರೋ ರೂಮಿಗೆ ಬಂದಾಗಿಂದ ನೀವು ತೆಲುಗಲ್ಲಿ ಹೇಳಿದ್ರಲ್ಲ. ನಂಗೆ ತೆಲುಗು ಬರಲ್ಲ."

ನಾನು ಹುಟ್ಟಿ ಬೆಳೆದ ಮನೆಯ ಮಾತು ತೆಲುಗು, ಆಂಧ್ರದ ಗಡಿಯ ನಮ್ಮ ಸೀಮೆಯಲ್ಲಿ ಅದೂ ಕನ್ನಡವೂ ಎಲ್ಲರ ಬಾಯಲ್ಲೂ ಬೆರೆತೇ ಇರುತ್ತವೆ. ಹೆದರಿದಾಗ, ಜ್ವರ ಬಂದಾಗ ನನ್ನ ಬಾಯಿಗೆ ಬರುವುದು ಅದೇ. ಅತ್ತೆಯ ಮುಖ ನೋಡಿದೆ. ಅವಳು ಸೊಸೆಯ ಮುಖ ನೋಡಿದಳು. "ತೆಲುಗಾ? ಕನ್ನಡದಲ್ಲೇ ಹೇಳಿದ್ರಲ್ಲೇ ತಾಯಿ, ನಂಗೆಲ್ಲ ತಿಳೀತಲ್ಲ!" ಎಂದಳು. ರಸ್ತೆಯ ಅಂಚಿಗೆ ಹೋಗಿದ್ದ ಅಧ್ಯಕ್ಷರು ತಿರುಗಿ ನಿಂತು, "ಯಾವಾಗ್ ಮಾತಾಡಿದ್ರು ತೆಲುಗ?" ಎಂದರು. ಕಾರ್ಯದರ್ಶಿಗೂ ಗೊತ್ತಾಗಿರಲಿಲ್ಲ. ಅರವತ್ತು ಜನರಲ್ಲಿ ಅದು ಗೊತ್ತಾಗಿದ್ದು ಇವಳೊಬ್ಬಳಿಗೇ.

ಮೆಟ್ಟಿಲ ಮೇಲೆ ಕೂತು, ಕಿಟಕಿಯಿಲ್ಲದ ಕೋಣೆಯಿಂದ ಕೊನೆಯವರೆಗೂ, ಆ ಹುಡುಗಿಗೆ ಕನ್ನಡದಲ್ಲಿ ಹೇಳಿದೆ. ಅಧ್ಯಕ್ಷರೂ ಹಿಂದಕ್ಕೆ ಬಂದು, ಕೋಲಿನ ಮೇಲೆ ಎರಡೂ ಕೈಯಿಟ್ಟು ನಿಂತು, ಇನ್ನೊಂದು ಸಲ ಕೇಳಿದರು.